ರೋಗ, ಗಲಭೆ ಎರಡೂ ಬಂದು ಹೋದ್ಮೇಲೆ ಏನು ಬದಲಾಯ್ತು ಅಂತ ಲೆಕ್ಕ ಇಡೋದು ಹೇಗೆ

2020ರ ಮಾರ್ಚ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ಪ್ಯಾಂಡೆಮಿಕ್ ಅಂತ ಕರೀತು, 2023ರ ಮೇ 5ಕ್ಕೆ ಜಾಗತಿಕ ತುರ್ತು ಪರಿಸ್ಥಿತಿ ಮುಗೀತು ಅಂತು. ಈ ಮೂರು ವರ್ಷದಲ್ಲಿ "ಸ್ವಲ್ಪ ದಿನ ಅಷ್ಟೇ" ಅಂತ ಶುರುವಾಗಿದ್ದು ಎಷ್ಟೋ, ಅದ್ರಲ್ಲಿ ಯಾವ್ದು ನಿಂತೋಯ್ತು ಯಾವ್ದು ಹಂಗೇ ಉಳ್ಕೊಂತು ಅಂತ ಈಗ ಯಾರನ್ನಾದ್ರೂ ಕೇಳಿ ನೋಡಿ, ಸರಿಯಾಗಿ ಹೇಳೋರು ಕಮ್ಮಿ. ನನಗೂ ಬಾಯಲ್ಲಿ ಹೇಳು ಅಂದ್ರೆ ಬರಲ್ಲ, ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದಷ್ಟೇ ಗೊತ್ತು. ಆ ನೋಟ್‌ಬುಕ್ ಇಡೋದು ಹೇಗೆ ಅಂತಾನೇ ಇಲ್ಲಿ ಬರೀತಾ ಇರೋದು, ಯಾಕಂದ್ರೆ ಇಂಥ ಕಾಲ ಮತ್ತೆ ಬಂದೇ ಬರುತ್ತೆ, ಬಂದಾಗ ಬರ್ಕೊಳ್ಳೋಕೆ ಯಾರಿಗೂ ಪುರುಸೊತ್ತಿರಲ್ಲ, ಈಗ್ಲೇ ಅಭ್ಯಾಸ ಮಾಡ್ಕೊಂಡ್ರೆ ಒಳ್ಳೇದು.

ಮೊದಲು ಬರೀಬೇಕಾಗಿರೋದು ಹಿಂದೆ ಹೇಗಿತ್ತು ಅನ್ನೋದು. ಇದನ್ನೇ ಎಲ್ರೂ ಬಿಟ್ಬಿಡ್ತಾರೆ. ನಾನು ಹೋಗ್ತಿದ್ದ ಒಂದು ಲೈಬ್ರರಿಯ ಓದೋ ಕೋಣೇಲಿ 40 ಕುರ್ಚಿ ಇದ್ವು, ಅಂತರ ಇರ್ಲಿ ಅಂತ 12 ಬಿಟ್ಟು ಉಳಿದಿದ್ದನ್ನ ತೆಗೆದಿದ್ರು. ಎಲ್ಲ ನಿರ್ಬಂಧ ಹೋಗಿ ಎಷ್ಟೋ ತಿಂಗಳಾದ್ಮೇಲೂ 12 ಕುರ್ಚಿನೇ, ಬಂದೋರಿಗೆ ಜಾಗ ಸಿಗದೆ ವಾಪಸ್ ಹೋಗ್ತಿದ್ರು, ನನಗೆ ಮಾತ್ರ ಅಲ್ಲಿ ಮುಂಚೆಯಿಂದಾನೂ ಇಪ್ಪತ್ತೋ ಏನೋ ಇದ್ವು ಅನ್ನೋ ಭಾವನೆ. ಒಂದಿನ ಹಳೇ ಪುಟ ತೆಗೆದ್ರೆ 40 ಅಂತ ನನ್ನ ಕೈಬರಹದಲ್ಲೇ ಇದೆ. ಹೋಗಿ ಕೇಳ್ದೆ. ತೆಗೀರಿ ಅಂದಿದ್ದ ಆದೇಶ ಯಾವತ್ತೋ ಮುಗಿದಿತ್ತು, ವಾಪಸ್ ಹಾಕಿ ಅಂತ ಯಾರೂ ಹೇಳಿರ್ಲಿಲ್ಲ ಅಷ್ಟೇ, ಕುರ್ಚಿಗಳೆಲ್ಲ ಹಿಂದಿನ ರೂಮಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿದ್ರು. ವಾರದೊಳಗೆ ಎಲ್ಲ ಹೊರಗೆ ಬಂದ್ವು. ಕೆಟ್ಟ ಉದ್ದೇಶ ಯಾರಿಗೂ ಇರ್ಲಿಲ್ಲ ಅಲ್ಲಿ. ಆದ್ರೆ ಕಮ್ಮಿಯಾಗಿದ್ದು ಅಭ್ಯಾಸ ಆಗೋಕೆ ಕೆಟ್ಟ ಉದ್ದೇಶಾನೇ ಬೇಕಾಗಿಲ್ಲ, ಮರೆವು ಸಾಕು.

ಹಾಗಾಗಿ ನೀವು ದಿನಾ ಓಡಾಡೋ ಐದಾರು ಜಾಗ ಆರಿಸ್ಕೊಳ್ಳಿ. ಶಾಲೆ, ಬಸ್ ಸ್ಟಾಪು, ಪಾರ್ಕು, ಸರ್ಕಾರಿ ಕಚೇರಿಯ ಕೌಂಟರು, ಆಸ್ಪತ್ರೆಯ ಹೊರರೋಗಿ ವಿಭಾಗ, ಜನ ಸಭೆ ಸೇರೋ ಮೈದಾನ. ಪ್ರತಿಯೊಂದಕ್ಕೂ ಒಂದು ಪುಟ. ಎಷ್ಟೊತ್ತಿಗೆ ತೆರೀತಾರೆ, ಯಾರು ಬರ್ತಾರೆ, ಒಳಗೆ ಹೋಗೋಕೆ ಏನು ತೋರಿಸ್ಬೇಕು, ಕೂರೋಕೆ ಜಾಗ ಎಷ್ಟು. ಸುಂದರವಾಗಿ ಬರೀಬೇಕಾಗಿಲ್ಲ, ಸಂಖ್ಯೆ ಇರ್ಲಿ, ತಾರೀಕು ಇರ್ಲಿ.

ಆಮೇಲೆ ಏನಾದ್ರೂ ನಿರ್ಬಂಧ ಬಂದಾಗ ನಾಲ್ಕು ಪ್ರಶ್ನೆ: ಏನು ನಿಂತಿತು, ಯಾರು ನಿಲ್ಲಿಸಿದ್ರು, ಯಾವ ಕಾನೂನಿನ ಕೆಳಗೆ, ಯಾವತ್ತಿನವರೆಗೆ. ನಾಲ್ಕನೇದಕ್ಕೆ ಉತ್ತರ ಸಿಗದಿದ್ರೆ ಪುಟದಲ್ಲಿ ಆ ಜಾಗ ಖಾಲಿ ಬಿಡಿ, ತುಂಬೋವರೆಗೂ ಅದು ಕಣ್ಣಿಗೆ ಚುಚ್ತಾ ಇರ್ಬೇಕು. ಬ್ರಿಟಿಷರು 1897ರಲ್ಲಿ ಬಾಂಬೆ ಪ್ಲೇಗ್ ಬಂದಾಗ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದ್ರು, ನಾಲ್ಕೇ ಸೆಕ್ಷನ್‌ನ ಚಿಕ್ಕ ಕಾನೂನು ಅದು, 2020ರಲ್ಲಿ ಅದನ್ನೇ ತೆಗೆದು ಬಳಸಿದ್ರು. ತುರ್ತು ಕಾನೂನಿನ ಆಯಸ್ಸು ತುರ್ತಿಗಿಂತ ತುಂಬಾ ಉದ್ದ ಇರುತ್ತೆ.

ರೋಗ ಮತ್ತೆ ಗಲಭೆ ಒಟ್ಟಿಗೆ ಬಂದಾಗ ಈ ನಾಲ್ಕು ಪ್ರಶ್ನೆ ಯಾಕೆ ಬೇಕು ಅನ್ನೋದಕ್ಕೆ ಹಾಂಗ್‌ಕಾಂಗ್‌ಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. 2019ರ ಅಕ್ಟೋಬರ್‌ನಲ್ಲಿ ಪ್ರತಿಭಟನೆ ಜೋರಾಗಿದ್ದಾಗ ಅಲ್ಲಿನ ಸರ್ಕಾರ 1922ರ ತುರ್ತು ಕಾನೂನು ಹೊರಗೆ ತೆಗೆದು, ಜನ ಸೇರಿದ ಕಡೆ ಮುಖ ಮುಚ್ಕೊಳ್ಳೋ ಹಾಗಿಲ್ಲ ಅಂತು. 2020ರ ಜುಲೈ ಹೊತ್ತಿಗೆ ಹೊರಗೆ ಬಂದ್ರೆ ಮಾಸ್ಕ್ ಕಡ್ಡಾಯ. ಅದೇ ವರ್ಷ ಡಿಸೆಂಬರ್‌ನಲ್ಲಿ ಅಲ್ಲಿನ ಅತಿ ದೊಡ್ಡ ಕೋರ್ಟು ಮುಖ ಮುಚ್ಚೋದರ ನಿಷೇಧಾನೂ ಸರಿ ಅಂತ ತೀರ್ಪು ಕೊಡ್ತು, ಅಂದ್ರೆ ಎರಡು ಕಾನೂನೂ ಒಂದೇ ಕಾಲಕ್ಕೆ ಇದ್ವು, ಒಂದು ರೋಗಕ್ಕೆ ಇನ್ನೊಂದು ಗಲಭೆಗೆ. ಈಗ ಇನ್ನೊಂದು ನೋಡಿ. ಪ್ರತಿ ವರ್ಷ ಜೂನ್ 4ರ ರಾತ್ರಿ 1989ರಲ್ಲಿ ಚೀನಾದ ಬೀಜಿಂಗ್‌ನ ಟಿಯಾನನ್ಮೆನ್ ಚೌಕದ ಪ್ರತಿಭಟನೇನ ಸೇನೆ ಹತ್ತಿಕ್ಕಿದಾಗ ಸತ್ತವರ ನೆನಪಿಗೆ ಅಲ್ಲಿನ ವಿಕ್ಟೋರಿಯಾ ಪಾರ್ಕಲ್ಲಿ ಜನ ಮೇಣದಬತ್ತಿ ಹಿಡಿದು ಸೇರ್ತಿದ್ರು, 30 ವರ್ಷ ನಡೆದಿತ್ತು. 2020ರಲ್ಲಿ ಕೋವಿಡ್ ಕಾರಣ ಕೊಟ್ಟು ಮೊದಲ ಸಲ ಅನುಮತಿ ಇಲ್ಲ ಅಂದ್ರು. 2021ರಲ್ಲಿ ಅದನ್ನ ನಡೆಸ್ತಿದ್ದ ಸಂಘಟನೆಯೇ ಮುಚ್ಚಿಹೋಯ್ತು. ಮಾಸ್ಕ್ ನಿಯಮ 2023ರ ಮಾರ್ಚ್ 1ಕ್ಕೆ ಹೋಯ್ತು, ಆ ಮೇಣದಬತ್ತಿಯ ರಾತ್ರಿ ವಾಪಸ್ ಬರ್ಲಿಲ್ಲ. ತಾರೀಕು ಬರೆದು ಪಕ್ಕ ಪಕ್ಕ ಇಟ್ರೆ ಮಾತ್ರ ಇದು ಕಾಣುತ್ತೆ, ಇಲ್ಲಾಂದ್ರೆ ಎಲ್ಲಾನೂ "ಕೋವಿಡ್ ಟೈಮಲ್ಲಿ ಹೋಯ್ತು" ಅನ್ನೋ ಒಂದೇ ಮಾತಲ್ಲಿ ಕರಗಿಹೋಗುತ್ತೆ.

ಇದಕ್ಕೆ ಉಲ್ಟಾ ಕೂಡ ಆಗಿದೆ. ಚಿಲಿಯಲ್ಲಿ 2019ರ ಅಕ್ಟೋಬರ್‌ನಲ್ಲಿ ಮೆಟ್ರೋ ಟಿಕೆಟ್ 30 ಪೆಸೊ ಏರಿಸಿದ್ದಕ್ಕೆ ಶುರುವಾದ ಗಲಾಟೆ ಹೊಸ ಸಂವಿಧಾನ ಬೇಕಾ ಅನ್ನೋ ಜನಮತದವರೆಗೂ ಹೋಯ್ತು, ಆ ಜನಮತ 2020ರ ಏಪ್ರಿಲ್‌ಗೆ ಇತ್ತು, ರೋಗ ಬಂತು ಅಂತ ಅಕ್ಟೋಬರ್‌ಗೆ ಮುಂದೂಡಿದ್ರು, ಮುಂದೂಡಿದ ದಿನಕ್ಕೆ ನಡೆಸಿದ್ರು ಕೂಡ. ಅಲ್ಲಿ ನಾಲ್ಕನೇ ಪ್ರಶ್ನೆಗೆ ಉತ್ತರ ಇತ್ತು. ಹಾಗಾಗಿ ಮುಂದೂಡಿದ್ದು ಅಂತ ಕಂಡ ತಕ್ಷಣ ಕೈ ಬಿಟ್ಟಿದ್ದು ಅಂತ ಬರ್ಕೋಬೇಡಿ, ಹೊಸ ತಾರೀಕು ಬರೆದು ಆ ದಿನ ಹೋಗಿ ನೋಡಿ.

ಆ ಚಿಲಿಯ ಜನ ಬೀದೀಲಿ ಕೂಗ್ತಿದ್ದ ಮಾತು "30 ಪೆಸೊ ಅಲ್ಲ, 30 ವರ್ಷ" ಅಂತ. ಗಲಭೆ ಬಗ್ಗೆ ಬರೆಯುವಾಗ ಇದನ್ನ ತಲೇಲಿ ಇಟ್ಕೊಳ್ಳಿ. ಕಿಡಿ ಯಾವ್ದು ಅಂತ ಎಲ್ರೂ ಬರೀತಾರೆ, ಒಣಗಿದ ಹುಲ್ಲು ಎಲ್ಲಿಂದ ಬಂತು ಅಂತ ನೀವು ಬರೀರಿ. 1904ರ ನವೆಂಬರ್‌ನಲ್ಲಿ ರಿಯೋ ಡಿ ಜನೈರೋದಲ್ಲಿ ಸಿಡುಬಿನ ಲಸಿಕೆ ಕಡ್ಡಾಯ ಮಾಡಿದ್ದಕ್ಕೆ ಜನ ಟ್ರಾಮ್ ಉರುಳಿಸಿ ಬೆಂಕಿ ಹಚ್ಚಿದ್ರು. ಲಸಿಕೆ ಅಂದ್ರೆ ಹೆದರೋ ಜನ ಅಂತ ಬರೆದು ಮುಗಿಸಬಹುದು. ಆದ್ರೆ ಅದಕ್ಕೂ ಮುಂಚೆ ಅದೇ ಜನರ ವಠಾರಗಳನ್ನ ಅಗಲ ರಸ್ತೆ ಮಾಡೋಕೆ ಅಂತ ಒಡೆದು ಹಾಕ್ತಿದ್ರು, ಆರೋಗ್ಯ ಇಲಾಖೆಯೋರು ಮನೆಯೊಳಗೆ ನುಗ್ಗಿ ತಪಾಸಣೆ ಮಾಡ್ತಿದ್ರು, ಕೊನೆಗೆ ಸೂಜಿ ಹಿಡ್ಕೊಂಡು ಬಂದೋರೂ ಅದೇ ಸರ್ಕಾರದವರು. ಗಲಭೆ ಆದ್ಮೇಲೆ ಕಡ್ಡಾಯ ಕೈಬಿಟ್ರು. 1908ರಲ್ಲಿ ಸಿಡುಬು ಮತ್ತೆ ಬಂದು ಸಾವಿರಾರು ಜನ ಸತ್ತಾಗ ಜನ ತಾವಾಗೇ ಹೋಗಿ ಲಸಿಕೆ ಹಾಕಿಸ್ಕೊಂಡ್ರು. ನಾಲ್ಕು ವರ್ಷ ಬಿಟ್ಟು ನೋಡದೆ ಇದ್ದಿದ್ರೆ ಈ ಕೊನೇ ಭಾಗ ಪುಟದಲ್ಲಿ ಇರ್ತಾನೇ ಇರ್ಲಿಲ್ಲ.

ಗಾಳಿಸುದ್ದಿಗೂ ಒಂದು ಪುಟ ಇರ್ಲಿ. ಇದು ಕಷ್ಟದ ಪುಟ. ಸುಳ್ಳು ಅಂತ ಗೊತ್ತಿದ್ದನ್ನ ಸುಳ್ಳು ಅಂತಾನೇ ಬರೀರಿ, ಆದ್ರೆ ಅದನ್ನ ನಂಬಿದೋರನ್ನ ದಡ್ಡರು ಅಂತ ಬರೆದ್ರೆ ನಿಮ್ಮ ಬರಹದಿಂದ ಮುಂದೆ ಯಾರಿಗೂ ಏನೂ ಗೊತ್ತಾಗಲ್ಲ. 1832ರಲ್ಲಿ ಲಿವರ್‌ಪೂಲ್‌ನಲ್ಲಿ ಕಾಲರಾ ಬಂದಾಗ, ಡಾಕ್ಟರುಗಳು ಹೆಣ ಕೊಯ್ದು ನೋಡೋಕೆ ಅಂತಾನೇ ರೋಗಿಗಳನ್ನ ಆಸ್ಪತ್ರೆಗೆ ಹೊತ್ಕೊಂಡು ಹೋಗಿ ಸಾಯಿಸ್ತಾರೆ ಅಂತ ಸುದ್ದಿ ಹಬ್ಬಿ ಗಲಭೆ ಮೇಲೆ ಗಲಭೆ ಆಯ್ತು. ಸುಳ್ಳು. ಆದ್ರೆ ನಾಲ್ಕೇ ವರ್ಷದ ಹಿಂದೆ ಎಡಿನ್‌ಬರೋದಲ್ಲಿ ಬರ್ಕ್ ಮತ್ತು ಹೇರ್ ಅನ್ನೋ ಇಬ್ರು 16 ಜನರನ್ನ ಕೊಂದು ಹೆಣಗಳನ್ನ ಅಂಗರಚನೆ ಪಾಠಕ್ಕೆ ಅಂತ ಮಾರಿದ್ದು ನಿಜ. ಭಯಕ್ಕೆ ವಿಳಾಸ ಇತ್ತು. ಲಿವರ್‌ಪೂಲ್‌ನಲ್ಲಿ ಗಲಭೆ ತಣ್ಣಗಾಗೋಕೆ ಸಹಾಯ ಆಗಿದ್ದು ಜನ ನಂಬ್ತಿದ್ದ ಪಾದ್ರಿಗಳು ಚರ್ಚುಗಳಲ್ಲಿ ನಿಂತು ಮಾತಾಡಿದ್ದು. ಹಾಗಾಗಿ ಸುದ್ದಿ ಏನು ಅನ್ನೋದರ ಜೊತೆ, ಜನ ಯಾರ ಮಾತು ಕೇಳಿ ಸುಮ್ಮನಾದ್ರು ಅನ್ನೋದನ್ನೂ ಬರ್ಕೊಳ್ಳಿ, ಮುಂದಿನ ಸಲಕ್ಕೆ ಅತ್ಯಂತ ಉಪಯೋಗ ಆಗೋ ಸಾಲು ಅದು.

ಇನ್ನು ಯಾರು ಕಾಣ್ತಿಲ್ಲ ಅನ್ನೋದು. ಸಭೆಗಳು, ಪಾಠ, ಕಚೇರಿ ಅರ್ಜಿ ಎಲ್ಲ ಆನ್‌ಲೈನ್ ಆದಾಗ ಹಾಜರಿ ಜಾಸ್ತಿ ಆಯ್ತು ಅಂತ ಖುಷಿಯಾಗುತ್ತೆ, ನಡೆಯೋಕೆ ಕಷ್ಟ ಇರೋರು, ದೂರದಲ್ಲಿರೋರು ಮೊದಲ ಸಲ ಬಂದಿರ್ತಾರೆ, ಅದು ನಿಜವಾದ ಒಳ್ಳೇ ಬದಲಾವಣೆ, ಉಳಿಸ್ಕೋಬೇಕಾದ್ದು. ಅದೇ ಹೊತ್ತಿಗೆ ಮುಂಚೆ ಹಿಂದಿನ ಬೆಂಚಲ್ಲಿ ಕೂತು ಎದ್ದು ನಿಂತು ಪ್ರಶ್ನೆ ಕೇಳ್ತಿದ್ದ ವಯಸ್ಸಾದ ಒಬ್ರು ಲಿಂಕ್ ಒತ್ತೋಕೆ ಬರದೆ ಮನೇಲೇ ಉಳಿದಿರ್ತಾರೆ, ಅವ್ರು ಬಂದಿಲ್ಲ ಅನ್ನೋದು ಸ್ಕ್ರೀನಲ್ಲಿ ಕಾಣಲ್ಲ, ಖಾಲಿ ಕುರ್ಚಿಯಾದ್ರೂ ಕಾಣ್ತಿತ್ತು. ಹೊಸದಾಗಿ ಬಂದೋರು, ಬರೋದು ಬಿಟ್ಟೋರು, ಎರಡು ಪಟ್ಟಿ ಮಾಡಿ. ಸಾಧ್ಯ ಆದ್ರೆ ಬಿಟ್ಟೋರಿಗೆ ಒಂದು ಫೋನ್ ಮಾಡಿ.

ಪ್ರತಿಭಟನೆಗೆ ಹೋಗಿ ನೋಡ್ತೀರಾದ್ರೆ ಒಂದು ಎಚ್ಚರ. ಮುಖ ಕಾಣೋ ಫೋಟೋ ಹಂಚಬೇಡಿ, ಹೆಸರು ಬರೀಬೇಡಿ, ಅವತ್ತು ಅನುಮತಿ ಕೊಟ್ಟೋರೂ ಎರಡು ವರ್ಷ ಆದ್ಮೇಲೆ ಬೇಡ ಅನ್ನಬಹುದು. ಏನು ಬೋರ್ಡು ಹಿಡಿದಿದ್ರು, ಸುಮಾರು ಎಷ್ಟು ಜನ, ರಸ್ತೆಯ ಯಾವ ಕಡೆ ನಿಲ್ಲೋಕೆ ಬಿಟ್ರು, ಯಾವಾಗ ಚದುರಿಸಿದ್ರು, ಇಷ್ಟು ಸಾಕು. ನೀವು ಕಣ್ಣಾರೆ ಕಂಡಿದ್ದಕ್ಕೂ ಯಾರೋ ಹೇಳಿದ್ದಕ್ಕೂ ಬೇರೆ ಬೇರೆ ಬಣ್ಣದ ಪೆನ್ನು ಇಟ್ಕೊಂಡ್ರೆ ಆಮೇಲೆ ಗೊಂದಲ ಆಗಲ್ಲ.

ಮತ್ತೆ ಯಾವಾಗ ತೆರೆದು ನೋಡ್ಬೇಕು? ನಾನು ಮಾಡೋದು ಆರು ತಿಂಗಳಿಗೆ ಒಂದ್ಸಲ, ಆಮೇಲೆ ವರ್ಷಕ್ಕೊಂದ್ಸಲ. ಆದ್ರೆ ಕೆಲವು ಬದಲಾವಣೆ ಒಬ್ಬ ಮನುಷ್ಯನ ನೋಟ್‌ಬುಕ್ಕಿಗೆ ಸಿಗಲ್ಲ. ಇಂಗ್ಲೆಂಡಲ್ಲಿ 1348ರಲ್ಲಿ "ಬ್ಲ್ಯಾಕ್ ಡೆತ್" ಅನ್ನೋ ಪ್ಲೇಗ್ ಬಂದು ಕೂಲಿ ಆಳುಗಳೇ ಸಿಗದ ಹಾಗಾದಾಗ ಬದುಕುಳಿದೋರು ಜಾಸ್ತಿ ಕೂಲಿ ಕೇಳಿದ್ರು, 1349ರಲ್ಲಿ ರಾಜ ಆಜ್ಞೆ ಹೊರಡಿಸಿ, 1351ರಲ್ಲಿ ಪಾರ್ಲಿಮೆಂಟ್ ಕಾನೂನು ಮಾಡಿ, ಪ್ಲೇಗಿಗೆ ಮುಂಚೆ ಇದ್ದ ಕೂಲಿಗೇ ದುಡೀಬೇಕು ಅಂದ್ರು. ಆ ಸಿಟ್ಟು ಒಳಗೇ ಇತ್ತು, 1381ರಲ್ಲಿ ತಲೆಗಂದಾಯ ವಸೂಲಿ ಮಾಡೋಕೆ ಹೊರಟಾಗ ರೈತರ ದಂಗೆಯಾಗಿ ಲಂಡನ್‌ವರೆಗೂ ಬಂತು. ಪ್ಲೇಗ್ ಕಂಡೋರ ಮಕ್ಕಳು ಮೊಮ್ಮಕ್ಕಳು ಆ ಹೊತ್ತಿಗೆ ದೊಡ್ಡೋರಾಗಿದ್ರು.

ಅದಕ್ಕೇ ನೋಟ್‌ಬುಕ್ ಒಬ್ರ ಹತ್ರಾನೇ ಇರ್ಬಾರ್ದು. ಫೋನಲ್ಲಿ ಬರೀತೀರಾದ್ರೆ ವರ್ಷಕ್ಕೊಂದ್ಸಲ ಪ್ರಿಂಟ್ ತೆಗೀರಿ, ಆ್ಯಪ್ ಇವತ್ತಿರುತ್ತೆ ನಾಳೆ ಇರಲ್ಲ. ಒಂದು ಪ್ರತಿ ಮನೇಲಿ ನಿಮಗಿಂತ ಚಿಕ್ಕೋರ ಕೈಗೆ, ಇನ್ನೊಂದು ಶಾಲೆಗೋ ಲೈಬ್ರರಿಗೋ, ಬೇರೆಯೋರ ಗುರುತು ಸಿಗೋ ಸಾಲುಗಳನ್ನ ಅಳಿಸಿ ಕೊಡಿ. ಮೊದಲ ಪುಟದಲ್ಲಿ ಶುರು ಮಾಡಿದ ತಾರೀಕು ಮತ್ತೆ ಯಾವ ಯಾವ ಜಾಗ ನೋಡಿದ್ರಿ ಅಂತ ಬರೆದು, ಕೊನೇಲಿ ನಾಲ್ಕೈದು ಪುಟ ಖಾಲಿ ಬಿಟ್ಟಿರಿ, ಮುಂದಿನೋರು ಅದೇ ಜಾಗಕ್ಕೆ ಹೋಗಿ ಎಣಿಸಿ ಅಲ್ಲೇ ಬರೀಲಿ.