ಗೋಲ್ಡನ್ ಗೇಟ್ ಪಾರ್ಕ್‌ನ ಮರಗಳ ನಡುವೆ ಡಿಸ್ಕ್ ಗಾಲ್ಫ್: ನಾನು ಆಡುವ ಬಗೆ

ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕ್‌ನಲ್ಲಿ, ಮಾರ್ಕ್ಸ್ ಮೆಡೋ ಹತ್ತಿರ, 18 ಹೋಲ್‌ಗಳ ಡಿಸ್ಕ್ ಗಾಲ್ಫ್ ಕೋರ್ಸ್ ಇದೆ. ತಟ್ಟೆಯಂಥ ಪ್ಲಾಸ್ಟಿಕ್ ಡಿಸ್ಕನ್ನು ಕೈಯಿಂದ ಎಸೆದು, ಆದಷ್ಟು ಕಡಿಮೆ ಎಸೆತಗಳಲ್ಲಿ ಸರಪಳಿ ತೂಗುಬಿಟ್ಟ ಬುಟ್ಟಿಗೆ ಹಾಕುವ ಆಟ ಇದು. ಒಂದು ಬುಟ್ಟಿಗೆ ಒಂದು ಹೋಲ್. ಹೋಲ್‌ಗಳು ಅಷ್ಟೇನೂ ಉದ್ದವಿಲ್ಲ. ಕಷ್ಟವೆಲ್ಲ ಮರಗಳದ್ದು. ಹಿಂದೆ ಬರೀ ಮರಳುದಿಬ್ಬಗಳಿದ್ದ ಈ ನೆಲದಲ್ಲಿ 1870ರ ದಶಕದಿಂದ ನೆಟ್ಟು ಬೆಳೆಸಿದ್ದು ಮುಖ್ಯವಾಗಿ ನೀಲಗಿರಿ, ಮಾಂಟೆರೆ ಪೈನ್ ಮತ್ತು ಸೈಪ್ರಸ್. ಬಯಲಿನಲ್ಲಿ ಕಲಿತವರು ಇಲ್ಲಿಗೆ ಬಂದೊಡನೆ ಬ್ಯಾಗಿನಿಂದ ಡ್ರೈವರ್, ಅಂದರೆ ದೂರದ ಎಸೆತದ ಡಿಸ್ಕ್, ತೆಗೆಯುತ್ತಾರೆ. ನಾನು ಮಧ್ಯಮ ದೂರದ ಮಿಡ್‌ರೇಂಜ್ ತೆಗೆಯುತ್ತೇನೆ.

ಟೀಯಲ್ಲಿ, ಅಂದರೆ ಮೊದಲ ಎಸೆತದ ಜಾಗದಲ್ಲಿ, ನಿಂತು ಮೊದಲು ನೋಡುವುದು ಬುಟ್ಟಿಯನ್ನಲ್ಲ, ಮರಗಳ ನಡುವಿನ ಕಿಂಡಿಯನ್ನು. 20 ಮೀಟರ್ ಮುಂದೆ 3 ಮೀಟರ್ ಅಗಲದ ಕಿಂಡಿ ಇದೆ ಅಂದುಕೊಳ್ಳಿ. ಅದರ ನಟ್ಟನಡುವಿಗೆ ಗುರಿಯಿಟ್ಟರೂ ಡಿಸ್ಕ್ ಕೈಬಿಡುವ ದಿಕ್ಕು ಅತ್ತಿತ್ತ 4 ಡಿಗ್ರಿಯಷ್ಟು ತಪ್ಪಿದರೆ ಮರಕ್ಕೆ ಬಡಿಯುತ್ತದೆ. ಅಷ್ಟೇ ಅಗಲದ ಕಿಂಡಿ 10 ಮೀಟರ್‌ನಲ್ಲೇ ಇದ್ದರೆ 8 ಡಿಗ್ರಿಯವರೆಗೂ ತಪ್ಪಬಹುದು. ಹಾಗಾಗಿ ಹತ್ತಿರದ, ಅಗಲವಾದ ಕಿಂಡಿಯನ್ನೇ ಆರಿಸಿಕೊಳ್ಳುತ್ತೇನೆ, ಅದು ಬುಟ್ಟಿಗೆ ನೇರವಾಗಿಲ್ಲದಿದ್ದರೂ ಸರಿ. ಆಮೇಲೆ ಕಿಂಡಿಯಾಚೆ ಒಂದು ಕಾಂಡವನ್ನು ಗುರುತು ಮಾಡಿಕೊಂಡು ಅದರ ಮೇಲೇ ಕಣ್ಣಿಡುತ್ತೇನೆ. ಖಾಲಿ ಜಾಗಕ್ಕೆ ಗುರಿ ಇಡುವುದಕ್ಕಿಂತ ಒಂದು ವಸ್ತುವಿಗೆ ಗುರಿ ಇಡುವುದು ಕೈಗೆ ಸುಲಭ.

ಬಹುತೇಕ ಎಲ್ಲಾ ಎಸೆತಗಳನ್ನೂ ಮೂರು ಡಿಸ್ಕ್‌ಗಳಲ್ಲಿ ಮುಗಿಸುತ್ತೇನೆ: ಇನ್ನೋವಾ ಕಂಪನಿಯ ಏವಿಯಾರ್ ಪಟರ್, ಅಂದರೆ ಹತ್ತಿರದಿಂದ ಬುಟ್ಟಿಗೆ ಹಾಕುವ ಡಿಸ್ಕ್ (2, 3, 0, 1), ಡಿಸ್ಕ್‌ಕ್ರಾಫ್ಟ್‌ನ ಬಝ್ ಮಿಡ್‌ರೇಂಜ್ (5, 4, -1, 1), ಇನ್ನೋವಾದ ಲೆಪರ್ಡ್3 (7, 5, -2, 1). ಈ ನಾಲ್ಕು ಅಂಕಿಗಳು ಕ್ರಮವಾಗಿ ವೇಗ, ತೇಲುವ ಗುಣ, ವೇಗವಿದ್ದಾಗ ಬಲಕ್ಕೆ ಹೊರಳುವುದು, ವೇಗ ಇಳಿದಾಗ ಎಡಕ್ಕೆ ಬೀಳುವುದು. ಬಲಗೈ ಬ್ಯಾಕ್‌ಹ್ಯಾಂಡ್‌ನ ಲೆಕ್ಕ ಇದು, ಅಂದರೆ ಡಿಸ್ಕನ್ನು ಎದೆಗೆ ಅಡ್ಡವಾಗಿ ಎಳೆದು ಎಸೆಯುವಾಗ. ಎಡಗೈಯವರಿಗೆ ದಿಕ್ಕು ತಿರುಗುಮುರುಗು. ವೇಗದ ಅಂಕಿ 12 ಇರುವ ಡ್ರೈವರ್‌ಗೆ ಅದು ಬೇಡುವಷ್ಟು ವೇಗ ಕೊಡದಿದ್ದರೆ ನೇರ ಹೋಗದೆ ಬೇಗನೆ ಎಡಕ್ಕೆ ಜಾರುತ್ತದೆ. ಬಯಲಿನಲ್ಲಿ ಅದರಿಂದ ದೂರವಷ್ಟೇ ಕಡಿಮೆಯಾಗುತ್ತದೆ, ಇಲ್ಲಿ ಡಿಸ್ಕ್ ಪೊದೆಯೊಳಗೆ ಹೋಗುತ್ತದೆ.

ಪೂರ್ತಿ ಬಲ ಹಾಕುವುದಿಲ್ಲ. ಮುಕ್ಕಾಲು ಪಾಲು ಸಾಕು. ಓಟವೂ ಇಲ್ಲ, ಒಂದೇ ಹೆಜ್ಜೆ. ಬಲ ತಗ್ಗಿದರೆ ದಿಕ್ಕು ನಿಲ್ಲುತ್ತದೆ, ಮರಕ್ಕೆ ಬಡಿದರೂ ಡಿಸ್ಕ್ ದೂರ ಸಿಡಿಯದೆ ಬುಡದಲ್ಲೇ ಬೀಳುತ್ತದೆ. ಇನ್ನು ಕೊಂಬೆಗಳ ಕೆಳಗೆ ಎಸೆಯುವಾಗ ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಡಿಸ್ಕ್‌ನ ಮೂತಿ (ಮುಂದಿನ ಅಂಚು) ಮೇಲಕ್ಕೆದ್ದಿರುವುದು. ಮೂತಿ ಎದ್ದರೆ ಗಾಳಿ ಅಡಿಭಾಗಕ್ಕೆ ತಗುಲಿ ಡಿಸ್ಕ್ ಏರುತ್ತದೆ, ವೇಗ ಕಳೆದುಕೊಳ್ಳುತ್ತದೆ, ಕೊಂಬೆಗೆ ಸಿಕ್ಕದಿದ್ದರೂ ಎಡಕ್ಕೆ ಬೀಳುತ್ತದೆ. ಹೆಬ್ಬೆರಳನ್ನು ಡಿಸ್ಕ್‌ನ ಮೇಲೆ ಗಟ್ಟಿಯಾಗಿ ಒತ್ತಿ, ಮಣಿಕಟ್ಟನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ, ಎದೆಯ ಕೆಳಭಾಗದ ಮಟ್ಟದಲ್ಲಿ ನೇರವಾಗಿ ಎಳೆಯಬೇಕು. ಭುಜವನ್ನು ಹಿಂದಕ್ಕೆ ವಾಲಿಸಿದರೆ ಮಣಿಕಟ್ಟು ಎಷ್ಟು ಸರಿಯಿದ್ದರೂ ಮೂತಿ ಏಳುತ್ತದೆ. ತೂಕ ಮುಂಗಾಲಿನ ಮೇಲೆ ಬಂದ ಮೇಲೆಯೇ ಎಳೆತ ಶುರುವಾಗಲಿ.

ಇಲ್ಲಿನ ಬೇಸಿಗೆ ಎಂದರೆ ಮಂಜು. ಮಳೆ ಇಲ್ಲದ ದಿನವೂ ಮರದಿಂದ ಹನಿ ತೊಟ್ಟಿಕ್ಕುತ್ತಿರುತ್ತದೆ. ಎರಡು ಟವೆಲ್ ಇಟ್ಟುಕೊಳ್ಳುತ್ತೇನೆ, ಒಂದು ಡಿಸ್ಕ್‌ಗೆ, ಇನ್ನೊಂದು ಬ್ಯಾಗಿನ ಒಳಗೆ ಒಣಗಿಯೇ ಇರಬೇಕು, ಅದು ಕೈಗೆ ಮಾತ್ರ. ಒದ್ದೆಯಲ್ಲಿ ನುಣುಪಾದ ದುಬಾರಿ ಪ್ಲಾಸ್ಟಿಕ್‌ಗಿಂತ ಅಗ್ಗದ ಒರಟು ಪ್ಲಾಸ್ಟಿಕ್ಕೇ ಕೈಗೆ ಚೆನ್ನಾಗಿ ಹತ್ತುತ್ತದೆ. ಕೋಲಾರದ ಕಡೆಯ ನೀಲಗಿರಿ ತೋಪುಗಳಲ್ಲಿ ನಡೆದವರಿಗೆ ಕಳಚಿ ಬಿದ್ದ ಉದ್ದ ತೊಗಟೆ, ಗಟ್ಟಿ ಕಾಯಿ ಗೊತ್ತಿರುತ್ತದೆ. ಒದ್ದೆಯಾದಾಗ ಅವುಗಳ ಮೇಲೆ ಮುಂಗಾಲು ಜಾರುತ್ತದೆ. ನಿಲ್ಲುವ ಜಾಗವನ್ನು ಎಸೆಯುವ ಮುನ್ನ ಶೂನಿಂದ ಸರಿಸಿಕೊಳ್ಳಿ, ಉದುರಿ ಬಿದ್ದದ್ದನ್ನು ಹಾಗೆ ಸರಿಸಲು ನಿಯಮ ಬಿಡುತ್ತದೆ. ಬೆಳೆದು ನಿಂತ ಕೊಂಬೆಯನ್ನು ಮಾತ್ರ ಮುರಿಯುವಂತಿಲ್ಲ, ದಾರಿ ಮಾಡಿಕೊಳ್ಳಲು ಬಗ್ಗಿಸಿ ಹಿಡಿಯುವಂತಿಲ್ಲ.

ಮರಕ್ಕೆ ಬಡಿದು ಪೊದೆ ಸೇರಿದರೆ ನನ್ನ ಲೆಕ್ಕ ಸರಳ. ಅಡ್ಡಕ್ಕೆ ಫೇರ್‌ವೇಗೆ (ಟೀಯಿಂದ ಬುಟ್ಟಿಯವರೆಗಿನ ತೆರೆದ ದಾರಿಗೆ) ಹೊರಬರಲು ಒಂದು ಎಸೆತ ಖರ್ಚು. ಸಣ್ಣ ಸಂದಿಯಲ್ಲಿ ತೂರಿಸಲು ಹೋಗಿ ಮತ್ತೆ ಬಡಿದರೆ ಎರಡು, ಕೆಲವೊಮ್ಮೆ ಮೂರು. ಆದ್ದರಿಂದ ಮಂಡಿಯೂರಿಯೋ ಕಾಲು ಅಗಲಿಸಿಯೋ, ಪಟರ್‌ನಲ್ಲಿ, ಮೊಣಕಾಲಿನ ಎತ್ತರದಲ್ಲಿ ತಳ್ಳುತ್ತೇನೆ. ಪಟರ್ ಜಾರಿಕೊಂಡು ದೂರ ಹೋಗುವುದಿಲ್ಲ.

ಬುಟ್ಟಿಯಿಂದ 10 ಮೀಟರ್ ಒಳಗೆ, ಎಸೆದ ಮೇಲೆ ಸಮತೋಲನ ತೋರಿಸಿಯೇ ಮುಂದೆ ಹೆಜ್ಜೆ ಇಡಬೇಕು. ಬೇರಿನ ಮೇಲೆ ಕಾಲಿಟ್ಟಿದ್ದರೆ ಇದು ಎಲ್ಲರನ್ನೂ ಕಾಡುತ್ತದೆ. ಬುಟ್ಟಿಯ ಹಿಂದೆ ಇಳಿಜಾರಿದ್ದರೆ ಸರಪಳಿಯ ಮೇಲ್ಭಾಗಕ್ಕೆ ಗುರಿ ಬೇಡ. ತಪ್ಪಿದ ಡಿಸ್ಕ್ ಅಂಚಿನ ಮೇಲೆ ಬಿದ್ದು ಉರುಳುತ್ತದೆ. 8 ಮೀಟರ್‌ಗಿಂತ ದೂರವಿದ್ದರೆ ಬುಟ್ಟಿಯ ಕೆಳಗೆ ಹಾಕಿ, ಮುಂದಿನ ಎಸೆತದಲ್ಲಿ ಮುಗಿಸುತ್ತೇನೆ.

ಕಳೆದ ಡಿಸ್ಕ್ ಹುಡುಕಲು ನಿಯಮದಲ್ಲಿ 3 ನಿಮಿಷ. ಎಸೆದವರು ಟೀಯಲ್ಲೇ ನಿಂತು ಅದು ಒಳಹೊಕ್ಕ ಮರವನ್ನು ಕೈ ತೋರಿಸುತ್ತಿರಲಿ, ಜೊತೆಗಾರರು ಅತ್ತ ನಡೆಯಲಿ. ಹಸಿರು, ಕಂದು ಬಣ್ಣದವು ಈ ನೆಲದಲ್ಲಿ ಕಾಣುವುದೇ ಇಲ್ಲ. ಗುಲಾಬಿ ಅಥವಾ ತಿಳಿನೀಲಿ ಕೊಳ್ಳಿ. ಇದು ಸಾರ್ವಜನಿಕ ಪಾರ್ಕ್: ಕಾಲುದಾರಿಯಲ್ಲಿ ಜನ, ನಾಯಿ, ಮಕ್ಕಳು ಓಡಾಡುತ್ತಾರೆ. 170 ಗ್ರಾಂ ಡಿಸ್ಕ್‌ನ ಅಂಚು ಮುಖಕ್ಕೆ ಬಡಿದರೆ ಹಲ್ಲು ಹೋಗುತ್ತದೆ. ಅವರು ಪೂರ್ತಿ ದಾಟುವವರೆಗೆ ಡಿಸ್ಕ್ ಕೆಳಗಿಟ್ಟೇ ಕಾಯುತ್ತೇನೆ. ಕೈಯಲ್ಲಿ ಹಿಡಿದು ನಿಂತರೆ ಅವರು ಹೆದರಿ ಅಲ್ಲೇ ನಿಂತುಬಿಡುತ್ತಾರೆ.