ಅಮೆರಿಕದ ಬೇಸಿಗೆ: ಹೊಸದಾಗಿ ಬಂದವರು ಮೊದಲೇ ತಿಳಿದಿರಲಿ

ಜೂನ್‌ನಲ್ಲಿ ಬಂದಿಳಿಯುವ ನಮ್ಮವರು ಕೇಳುವುದೆಲ್ಲ ಚಳಿಗಾಲದ ಬಗ್ಗೆಯೇ. ಜಾಕೆಟ್ ಎಲ್ಲಿ ತಗೊಳ್ಳೋದು, ಸ್ನೋ ಬೂಟು ಬೇಕಾ ಅಂತ. ಅದಕ್ಕಿನ್ನೂ ಟೈಮಿದೆ, ಮೊದಲು ಬೇಸಿಗೆ ದಾಟಿ.

ದೇಶ ದೊಡ್ಡದು. ಶಿಕಾಗೋದ ಗೆಳೆಯ ಕೊಟ್ಟ ಸಲಹೆ ಆರಿಜೋನಾದ ಫೀನಿಕ್ಸ್‌ನಲ್ಲಿರುವ ನಿಮಗೆ ಉಪಯೋಗಕ್ಕೆ ಬರಲ್ಲ. ವೆದರ್ ಡಾಟ್ ಗವ್‌ಗೆ ಹೋಗಿ ನಿಮ್ಮ ಜಿಪ್ ಕೋಡ್ ಹಾಕಿ ನೋಡಿ. ಅದು ಸರ್ಕಾರದ್ದು, ಪುಕ್ಕಟೆ. ಅಲ್ಲಿ ‘ವಾಚ್’ ಅಂತಿದ್ದರೆ ಪ್ರವಾಹ, ಸುಂಟರಗಾಳಿಯಂಥದ್ದು ಆಗಬಹುದು, ಕಣ್ಣಿಟ್ಟಿರಿ ಅಂತ. ‘ವಾರ್ನಿಂಗ್’ ಅಂತಿದ್ದರೆ ಆಗ್ತಾ ಇದೆ ಅಥವಾ ಇನ್ನೇನು ಆಗುತ್ತೆ ಅಂತ, ತಕ್ಷಣ ಏಳಿ. ರಾತ್ರಿ ಫೋನು ಕಿರುಚುತ್ತೆ ಅಂತ ಬೇಜಾರಾಗಿ ಅಲರ್ಟ್ ಆಫ್ ಮಾಡಿಟ್ಟವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ದಯವಿಟ್ಟು ಆ ಕೆಲಸ ಮಾಡಬೇಡಿ. 2025ರ ಜುಲೈ 4ರಂದು ಟೆಕ್ಸಸ್‌ನ ಗ್ವಾಡಲೂಪ್ ನದಿ ಉಕ್ಕಿದ್ದು ಬೆಳಗಿನ ಜಾವ, ಎಲ್ಲರೂ ಮಲಗಿದ್ದಾಗ. ನೂರಕ್ಕೂ ಹೆಚ್ಚು ಜನ ತೀರಿಕೊಂಡರು.

ಮಲೆನಾಡು, ಕರಾವಳಿ ಕಡೆಯವರಿಗೆ ಒಂದು ಮಾತು. ಇದೆಂಥ ಮಳೆ, ನಮ್ಮೂರಲ್ಲಿ ನೋಡಬೇಕಿತ್ತು ಅನ್ನಿಸುವುದು ಸಹಜ. ಆದರೆ ರಸ್ತೆ ಮೇಲೆ ಒಂದೇ ಅಡಿ ನೀರು ಹರಿಯುತ್ತಿದ್ದರೂ ಸಣ್ಣ ಕಾರು ತೇಲಿ ಹೋಗುತ್ತೆ, ಎರಡು ಅಡಿಯಾದರೆ ನಿಮ್ಮ ಎಸ್‌ಯುವಿಯೂ ಹೋಗುತ್ತೆ. ಮುಂದಿನ ಗಾಡಿ ದಾಟಿತಲ್ಲ ಅಂತ ನುಗ್ಗಬೇಡಿ, ವಾಪಸ್ ತಿರುಗಿಸಿ. ಬಾಡಿಗೆ ಕಮ್ಮಿ ಅಂತ ನ್ಯೂಯಾರ್ಕ್, ಜೆರ್ಸಿ ಕಡೆ ಬೇಸ್‌ಮೆಂಟಿನಲ್ಲಿರುವ ಹುಡುಗರು ಇನ್ನೂ ಹುಷಾರಾಗಿರಬೇಕು. 2021ರಲ್ಲಿ ಐಡಾ ಚಂಡಮಾರುತದ ಮಳೆಗೆ ನ್ಯೂಯಾರ್ಕ್ ನಗರದಲ್ಲಿ ಸತ್ತ 13 ಜನರಲ್ಲಿ 11 ಮಂದಿ ಇದ್ದದ್ದು ಅಂಥ ಮನೆಗಳಲ್ಲೇ. ಹೊರಗೆ ಹೋಗಲು ಎರಡನೇ ದಾರಿ ಇಲ್ಲದ ಮನೆ ಬೇಡವೇ ಬೇಡ.

ಸುಂಟರಗಾಳಿ ಬರುವ ಕಡೆ, ಅಂದರೆ ಒಕ್ಲಹೋಮಾ, ಕಾನ್ಸಸ್, ಡಲ್ಲಾಸ್ ಸುತ್ತಮುತ್ತ, ಲೆಕ್ಕ ಉಲ್ಟಾ. ಅಲ್ಲಿ ವಾರ್ನಿಂಗ್ ಬಂದರೆ ಬೇಸ್‌ಮೆಂಟಿಗೇ ಇಳಿಯಬೇಕು. ಅದಿಲ್ಲದಿದ್ದರೆ ಕೆಳಗಿನ ಮಹಡಿಯಲ್ಲಿ ಕಿಟಕಿ ಇಲ್ಲದ ಬಚ್ಚಲುಮನೆಯೋ ಬಟ್ಟೆ ಇಡುವ ಕ್ಲಾಸೆಟ್ಟೋ ಸಾಕು. ಶಿಕಾಗೋದಲ್ಲಿ ತಿಂಗಳ ಮೊದಲ ಮಂಗಳವಾರ ಬೆಳಗ್ಗೆ 10ಕ್ಕೆ ಸೈರನ್ ಕೂಗಿದರೆ ಗಾಬರಿಯಾಗಬೇಡಿ, ಅದು ಪರೀಕ್ಷೆ.

ಆರಿಜೋನಾದಲ್ಲೂ ಮಾನ್ಸೂನ್ ಇದೆ ಅಂದರೆ ನಮ್ಮವರು ನಗುತ್ತಾರೆ. ಜೂನ್ 15ರಿಂದ ಸೆಪ್ಟೆಂಬರ್ 30, ಅಧಿಕೃತವಾಗಿ. ಮಳೆಗಿಂತ ಮುಂಚೆ ಧೂಳು ಗೋಡೆ ಎದ್ದ ಹಾಗೆ ಬರುತ್ತೆ, ಮುಂದೆ ಏನೂ ಕಾಣಲ್ಲ. ಆಗ ಕಾರನ್ನು ರಸ್ತೆಯಿಂದ ಪೂರ್ತಿ ಆಚೆ ತನ್ನಿ, ಎಲ್ಲ ಲೈಟು ಆರಿಸಿ, ಬ್ರೇಕಿನ ಮೇಲಿಂದ ಕಾಲು ತೆಗೆಯಿರಿ. ಲೈಟ್ ಹಾಕಿ ನಿಂತರೆ ಹಿಂದಿನವನು ನೀವು ರಸ್ತೆ ಮೇಲೇ ಹೋಗ್ತಿದ್ದೀರಿ ಅಂದುಕೊಂಡು ನಿಮ್ಮ ಹಿಂದೆಯೇ ಬಂದು ಗುದ್ದುತ್ತಾನೆ.

ಸೆಕೆ ವಿಷಯಕ್ಕೆ ಬಂದರೆ, ಕಲಬುರಗಿ ರಾಯಚೂರಿನವರು ನಾವು ನೋಡದ ಬಿಸಿಲಾ ಅಂತಾರೆ. ಫೀನಿಕ್ಸ್‌ನಲ್ಲಿ 2023ರಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಹೆಚ್ಚಿತ್ತು, ಅಂದರೆ ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ 43ರ ಮೇಲೆ. ಊರಿಂದ ಬಂದ ಅಪ್ಪ ಅಮ್ಮನದ್ದೇ ಚಿಂತೆ. ನೀವು ಆಫೀಸಿಗೆ ಹೋದ ಮೇಲೆ ಕರೆಂಟು ಸುಮ್ನೆ ಯಾಕೆ ಅಂತ ಎಸಿ ಆರಿಸಿ ಕೂರುತ್ತಾರೆ, ಕೇಳಿದರೆ ನಮಗೇನೂ ಸೆಕೆ ಇಲ್ಲಪ್ಪ ಅನ್ನುತ್ತಾರೆ. ಬಿಲ್ಲಿನ ಮೊತ್ತ ಅವರಿಗೆ ಹೇಳಲೇಬೇಡಿ. ವಾಕಿಂಗು ಬೆಳಗ್ಗೆ ಬೇಗ ಮುಗಿಯಲಿ. ಬಿಪಿ ಮಾತ್ರೆ ತಗೊಳ್ಳುವವರಿಗೆ ಬೇಸಿಗೆಯಲ್ಲಿ ಏನು ಜಾಗ್ರತೆ ಬೇಕು ಅಂತ ಹೊರಡುವ ಮುಂಚೆಯೇ ಅಲ್ಲಿನ ಡಾಕ್ಟರನ್ನು ಕೇಳಿಕೊಂಡು ಬರಲಿ.

ಕರೆಂಟ್ ಹೋದರೆ ಇಲ್ಲಿ ಮನೆಮನೆಗೆ ಯುಪಿಎಸ್ ಇರಲ್ಲ. 2024ರ ಜುಲೈಯಲ್ಲಿ ಬೆರಿಲ್ ಚಂಡಮಾರುತ ಬಂದಾಗ ಹ್ಯೂಸ್ಟನ್ ಸುತ್ತ 20 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಇರಲಿಲ್ಲ, ಕೆಲವರಿಗೆ ವಾರ ದಾಟಿತು. ಎಲೆಕ್ಟ್ರಿಕ್ ಒಲೆ ಇದ್ದರೆ ಕಾಫಿಯೂ ಇಲ್ಲ. ಹಾಗಂತ ಗ್ರಿಲ್ಲನ್ನೋ ಜನರೇಟರನ್ನೋ ಮನೆಯೊಳಗೆ ಹಚ್ಚಬೇಡಿ, ಅದರ ಹೊಗೆಯ ವಿಷಕ್ಕೆ ವಾಸನೆ ಇಲ್ಲ, ಗೊತ್ತಾಗುವುದರೊಳಗೆ ಜೀವ ಹೋಗುತ್ತೆ. ಬಾಗಿಲು ತೆಗೆಯದಿದ್ದರೆ ಫ್ರಿಜ್ಜಿನಲ್ಲಿ ಹಾಲು, ಮಿಕ್ಕ ಸಾರು ನಾಲ್ಕು ಗಂಟೆ ತಡೆಯುತ್ತೆ. ಗ್ಯಾರೇಜ್ ಬಾಗಿಲೂ ಏಳಲ್ಲ. ಒಳಗೆ ಮೇಲಿಂದ ಒಂದು ಕೆಂಪು ಹಗ್ಗ ನೇತಾಡುತ್ತೆ ನೋಡಿ, ಅದನ್ನು ಎಳೆದರೆ ಬಾಗಿಲನ್ನು ಕೈಯಲ್ಲೇ ಎತ್ತಬಹುದು. ಇವತ್ತೇ ಒಂದ್ಸಲ ಎಳೆದು ನೋಡಿ.

ಕೊನೆಗೆ ಇನ್ಶೂರೆನ್ಸ್. ಕಾರಿಗೆ ಬರೀ ಲಯಬಿಲಿಟಿ, ಅಂದರೆ ಎದುರಿನವರ ನಷ್ಟಕ್ಕೆ ಮಾತ್ರ ಆಗುವಂಥದ್ದು, ಮಾಡಿಸಿದ್ದರೆ ಆಲಿಕಲ್ಲು ಬಿದ್ದು ಬಾನೆಟ್ ತಗ್ಗಾದರೂ, ನೀರು ನುಗ್ಗಿ ಇಂಜಿನ್ ಕೆಟ್ಟರೂ ಖರ್ಚು ನಿಮ್ಮದೇ. ಕಾಂಪ್ರಹೆನ್ಸಿವ್ ಇರಬೇಕು. ಸಾಮಾನ್ಯ ಮನೆ ಇನ್ಶೂರೆನ್ಸ್‌ನಲ್ಲಿ ಪ್ರವಾಹ ಸೇರಿರಲ್ಲ, ಅದಕ್ಕೆ ಬೇರೆಯೇ ಪಾಲಿಸಿ ಬೇಕು. ಸರ್ಕಾರದ ಯೋಜನೆಯಲ್ಲಿ ಮಾಡಿಸಿದರೆ ಸಾಮಾನ್ಯವಾಗಿ 30 ದಿನ ಕಳೆದ ಮೇಲೇ ಅದು ಜಾರಿಗೆ ಬರೋದು. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಏಜೆಂಟಿಗೆ ಫೋನ್ ಮಾಡಿದರೆ ಆ ಸಲಕ್ಕೆ ಏನೂ ಪ್ರಯೋಜನವಿಲ್ಲ.