ಬಿಪಿ ಇರುವವರ ಮನೆಗೆ ಹೋದಾಗ ನರ್ಸ್ ಏನೇನು ನೋಡಬೇಕು

ಬಿಪಿ ಇರುವ ಹೆಚ್ಚಿನವರಿಗೆ ಮೈಯಲ್ಲಿ ಏನೂ ಗೊತ್ತಾಗುವುದಿಲ್ಲ. ತಲೆನೋವಿಲ್ಲ, ಊಟ ನಿದ್ದೆ ಸರಿ ಇದೆ. ಹಾಗಾಗಿ ಎರಡು ತಿಂಗಳು ಮಾತ್ರೆ ನುಂಗಿ, "ಈಗ ಆರಾಮಿದ್ದೇನಲ್ಲ ಸಿಸ್ಟರ್" ಅಂತ ನಿಲ್ಲಿಸಿಬಿಡುತ್ತಾರೆ. ಕಾರವಾರ, ಅಂಕೋಲಾ, ಕುಮಟಾ ಕಡೆ ಮನೆಮನೆ ತಿರುಗುವ ನಮ್ಮಂಥ ನರ್ಸ್‌ಗಳಿಗೆ ಇದೇ ದೊಡ್ಡ ಕಷ್ಟ. ಗದರಿಸಿದರೆ ಬಿಪಿ ಬರೆದಿಡುವ ಪುಸ್ತಕವನ್ನೇ ಬಚ್ಚಿಡುತ್ತಾರೆ ಅಷ್ಟೇ. ಅವರ ಬಿಪಿ ಅವರ ಕಣ್ಣಿಗೇ ಕಾಣುವ ಹಾಗೆ ಮಾಡಬೇಕು.

ಅದಕ್ಕೇ ಮೊದಲು ಅಳೆಯುವುದನ್ನು ಕಲಿಸಿ. ಮೀನು ಮಾರಿ ಬುಟ್ಟಿ ಇಳಿಸಿ ಬಂದವರ ತೋಳಿಗೆ ಆ ಕೂಡಲೇ ಬಿಪಿ ಮಿಷನ್ನಿನ ಪಟ್ಟಿ ಸುತ್ತಬೇಡಿ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ, ಪಾದ ಎರಡೂ ನೆಲಕ್ಕೆ ಊರಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು 5 ನಿಮಿಷ ಸುಮ್ನೆ ಕೂರಲಿ. ಅದಕ್ಕೂ ಅರ್ಧ ಗಂಟೆ ಮುಂಚೆ ಚಹಾ, ಬೀಡಿ, ಹೊಗೆಸೊಪ್ಪಿನ ಕವಳ ಬೇಡ. ಬಟ್ಟೆಯ ಮೇಲೆ ಪಟ್ಟಿ ಕಟ್ಟಬಾರದು. ದಪ್ಪ ತೋಳಿಗೆ ಸಣ್ಣ ಪಟ್ಟಿ ಹಾಕಿದರೆ ಇಲ್ಲದ ಬಿಪಿ ತೋರಿಸುತ್ತದೆ. ಅಳೆಯುವಾಗ ಮಾತು ಬೇಡ (ನಾವೇ ಮಾತಾಡಿಸುತ್ತೇವೆ, ಅಲ್ವಾ?). ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆಸಿ. ಡಾಕ್ಟರ್ ಹತ್ತಿರ ಹೋಗುವ ಮುಂಚಿನ ಒಂದು ವಾರ ಬೆಳಿಗ್ಗೆ ಮಾತ್ರೆಗೆ ಮೊದಲು ಮತ್ತು ಸಂಜೆ ಬರೆದರೆ ಸಾಕು. ಅಕ್ಷರ ಬಾರದಿದ್ದರೆ ಮೊಮ್ಮಕ್ಕಳು ಬರೆಯಲಿ. ಆಸ್ಪತ್ರೆಯಲ್ಲಿ 140/90, ಮನೆಯಲ್ಲಿ 135/85, ಇದಕ್ಕಿಂತ ಮೇಲೆ ಮತ್ತೆ ಮತ್ತೆ ಬರುತ್ತಿದ್ದರೆ ಡಾಕ್ಟರ್‌ಗೆ ತೋರಿಸಲೇಬೇಕು.

ಇನ್ನು ಉಪ್ಪು. "ಉಪ್ಪು ಕಡಿಮೆ ಮಾಡಿ" ಅಂತ ಹೇಳಿ ಎದ್ದು ಬಂದರೆ ಏನೂ ಆಗುವುದಿಲ್ಲ. ಅಡುಗೆ ಮಾಡುವವರ ಹತ್ತಿರ ಕೂತು ಕೇಳಿ, ಒಂದು ಕೇಜಿ ಉಪ್ಪು ಎಷ್ಟು ದಿನ ಬರುತ್ತದೆ? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಇರಬೇಕು. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ ಆಯಿತು. ಒಣಮೀನು, ಉಪ್ಪಿನಕಾಯಿ, ಹಪ್ಪಳದಲ್ಲಿ ಇರುವುದೂ ಇದರೊಳಗೇ ಬರಬೇಕು. ಈ ಲೆಕ್ಕ ಕೇಳಿದ ಮೇಲೆ ಎಷ್ಟೋ ಮನೆಗಳಲ್ಲಿ ಅವರೇ ಉಪ್ಪಿನ ಡಬ್ಬಿ ನೋಡಿಕೊಂಡು ಸುಮ್ಮನಾಗುತ್ತಾರೆ. "ನಾವು ಸಾಣಿಕಟ್ಟಾ ಉಪ್ಪು ತಿನ್ನುವುದು, ಪ್ಯಾಕೆಟ್‌ದಲ್ಲ" ಅನ್ನುವವರೂ ಇದ್ದಾರೆ. ಸಾಣಿಕಟ್ಟಾ ಅಂದರೆ ಗೋಕರ್ಣದ ಹತ್ತಿರ ಉಪ್ಪು ತೆಗೆಯುವ ಊರು. ಬಿಪಿಗೆ ಎರಡೂ ಒಂದೇ. ಗಂಜಿ ಬಿಡಿಸಬೇಡಿ, ಅದರ ಪಕ್ಕದಲ್ಲಿ ಏನಿದೆ ನೋಡಿ. ದಿನಾ ಒಣಮೀನು ಇದ್ದರೆ ವಾರಕ್ಕೊಮ್ಮೆಗೆ ಇಳಿಸಿ, ಅದನ್ನೂ ನೀರಿನಲ್ಲಿ ನೆನೆಸಿ ಆ ನೀರು ಚೆಲ್ಲಲಿ. ತಾಜಾ ಬಂಗಡೆ ಧಾರಾಳವಾಗಿ ತಿನ್ನಲಿ. ಶಿರಸಿ ಕಡೆಯವರಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಬಿಡಿ ಅಂದರೆ ಬೇಜಾರಾಗುತ್ತದೆ, ಅದಕ್ಕೆ ಒಂದು ಮಿಡಿಯನ್ನು ಮೂರು ದಿನ ಮಾಡಿ ಅನ್ನುತ್ತೇನೆ. ಮುರುಗಲು, ನಿಂಬೆ, ಬೆಳ್ಳುಳ್ಳಿ ಜಾಸ್ತಿ ಮಾಡಿದರೆ ಉಪ್ಪು ಕಡಿಮೆಯಾಗಿದ್ದು ಅಷ್ಟು ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಸೋಡಿಯಂ ಕಡಿಮೆ ಇರುವ ಉಪ್ಪನ್ನು ಮಾತ್ರ ಡಾಕ್ಟರನ್ನು ಕೇಳದೆ ತರಬೇಡಿ, ಅದರಲ್ಲಿರುವ ಪೊಟ್ಯಾಸಿಯಂ ಕಿಡ್ನಿ ತೊಂದರೆ ಇದ್ದವರಿಗೆ ಅಪಾಯ.

ಮಾತ್ರೆ ತಗೊಳ್ತೀರಾ ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. "ಎಲ್ಲ ಮಾತ್ರೆ ತನ್ನಿ ನೋಡುವಾ" ಅನ್ನಿ. ಒಬ್ಬ ಅಜ್ಜಿ ಹಳೆಯ ಬಿಸ್ಕತ್ತಿನ ಡಬ್ಬಿ ತಂದು ನನ್ನ ಮಡಿಲಿಗೆ ಸುರಿದರು. ಸರ್ಕಾರಿ ಆಸ್ಪತ್ರೆಯ ಮಾತ್ರೆ ಸ್ಟ್ರಿಪ್ ಒಂದು, ಮೆಡಿಕಲ್ ಶಾಪಿನದ್ದು ಇನ್ನೊಂದು, ಬಣ್ಣ ಬೇರೆ, ಹೆಸರು ಬೇರೆ, ಒಳಗೆ ಎರಡೂ ಆಮ್ಲೊಡಿಪಿನ್ ಅನ್ನುವ ಒಂದೇ ಬಿಪಿ ಔಷಧಿ. ಎರಡನ್ನೂ ನುಂಗುತ್ತಿದ್ದರು. ಪಾದ ಬಾತು, ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಡಾಕ್ಟರ್‌ಗೆ ಫೋನ್ ಮಾಡಿ ಒಂದನ್ನು ನಿಲ್ಲಿಸಿದೆವು. ಆಮೇಲೆ ಪ್ರತಿ ಮನೆಯಲ್ಲೂ ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಓದುವುದು ನನಗೆ ರೂಢಿ. ಪಾದ ಬಾತರೆ, ಒಣಕೆಮ್ಮು ಬಂದರೆ ಮಾತ್ರೆ ಬಿಡುವ ಮೊದಲು ನಮಗೆ ಹೇಳಲಿ, ಬದಲಿ ಮಾತ್ರೆಗಳಿವೆ. ಒಂದು ದಿನ ಮರೆತರೆ ಮರುದಿನ ಎರಡು ನುಂಗುವುದು ಬೇಡ. ಬಲೆ ಎಳೆದು ಸೊಂಟ ಹಿಡಿದಾಗ ಅಂಗಡಿಯಿಂದ ತರುವ ನೋವಿನ ಮಾತ್ರೆಗಳಲ್ಲಿ ಡೈಕ್ಲೊಫೆನಾಕ್, ಐಬುಪ್ರೊಫೇನ್ ಬಿಪಿ ಏರಿಸುತ್ತವೆ, ಇದನ್ನು ದೋಣಿಗೆ ಹೋಗುವವರಿಗೆ ಬಿಡಿಸಿ ಹೇಳಿ. ಅವರು ಎಷ್ಟು ದಿನ ಕಡಲಲ್ಲಿರುತ್ತಾರೋ ಅದಕ್ಕಿಂತ ಮೂರು ದಿನದ ಮಾತ್ರೆ ಜಾಸ್ತಿ, ನೀರು ಹೋಗದ ಡಬ್ಬಿಯಲ್ಲಿ ಹಾಕಿಕೊಡಿ.

ಮಳೆಗಾಲಕ್ಕೆ ಮುಂಚೆ ಮನೆಯಲ್ಲಿ ಎರಡು ವಾರದ ಮಾತ್ರೆ ಹೆಚ್ಚಿಗೆ ಇರಲಿ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಗಿದ್ದು ನಮ್ಮವರಿಗೆಲ್ಲ ನೆನಪಿದೆ.

ಕೊನೆಗೆ, ಪುಸ್ತಕದ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದುಕೊಡಿ. ಬಿಪಿ 180/120 ದಾಟಿದರೆ 5 ನಿಮಿಷ ಕೂತು ಮತ್ತೆ ನೋಡಬೇಕು. ಹಾಗೇ ಇದ್ದರೆ, ಏನೂ ತೊಂದರೆ ಕಾಣದಿದ್ದರೂ ಅವತ್ತೇ ಡಾಕ್ಟರ್ ಹತ್ತಿರ ಹೋಗಬೇಕು. ಎದೆನೋವು, ಉಸಿರಾಟದ ಕಷ್ಟ, ಬಾಯಿ ಸೊಟ್ಟ, ಮಾತು ತೊದಲುವುದು, ಒಂದು ಬದಿಯ ಕೈಕಾಲು ಸೋಲುವುದು, ಇದರಲ್ಲಿ ಯಾವುದೇ ಬಂದರೂ ಬಿಪಿ ಎಷ್ಟಿದೆ ಅಂತ ನೋಡುತ್ತಾ ಕೂರದೆ 108ಕ್ಕೆ ಫೋನ್ ಮಾಡಬೇಕು. ನಾಲಿಗೆ ಕೆಳಗೆ ಯಾರದ್ದೋ ಬಿಪಿ ಮಾತ್ರೆ ಇಡಬಾರದು. ಬರೆದ ಮೇಲೆ ಮನೆಯವರ ಕೈಲಿ ಒಮ್ಮೆ ಗಟ್ಟಿಯಾಗಿ ಓದಿಸಿ, ಮುಂದಿನ ಸಲ ಬರುವ ತಾರೀಕನ್ನು ಅದರ ಕೆಳಗೇ ಬರೆಯಿರಿ.